ಪ್ರೊಸೆಸರ್ ಹೇಗಿದೆ? ಕಮಾಂಡ್ ಲೈನಿನಲ್ಲೇ ನೋಡಿ ತಿಳಿಯುವ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್ ನಿಧಾನವಾದಾಗ ಮೊದಲು ಬೈಸಿಕೊಳ್ಳುವುದು ಪ್ರೊಸೆಸರ್. ‘ಹಳೇದಾಯ್ತು, ಹೊಸದು ತಗೊಳ್ಳಿ’ ಅಂತ ಯಾರೋ ಹೇಳುತ್ತಾರೆ, ನಾವೂ ನಂಬುತ್ತೇವೆ. ನನ್ನ ಮೂರು ವರ್ಷದ ಲ್ಯಾಪ್‌ಟಾಪಿಗೂ ಹೀಗೇ ಆಯಿತು. ವಿಡಿಯೋ ಕಾಲ್ ಶುರು ಮಾಡಿದ ಹತ್ತು ನಿಮಿಷಕ್ಕೆ ಕೀಲಿ ಒತ್ತಿದರೂ ಅಕ್ಷರ ಮೂಡುತ್ತಿರಲಿಲ್ಲ. ರಿಪೇರಿಯವರು ಬದಲಾಯಿಸುವುದೇ ಒಳ್ಳೆಯದು ಅಂದರು. ಬದಲಾಯಿಸುವ ಮೊದಲು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು ನೋಡಿದೆ. ಪ್ರೊಸೆಸರ್ ಚೆನ್ನಾಗಿಯೇ ಇತ್ತು. ಬಿಸಿ ತಾಳಲಾರದೆ ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಫ್ಯಾನಿನಲ್ಲಿ ಧೂಳು ಕಟ್ಟಿತ್ತು, ಅಷ್ಟೇ.

ಅವತ್ತಿನಿಂದ ನಾನು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳುತ್ತೇನೆ. ಇದು ಯಾವ ಪ್ರೊಸೆಸರ್? ಈಗ ಎಷ್ಟು ಕೆಲಸ ಮಾಡುತ್ತಿದೆ, ಯಾವ ಪ್ರೋಗ್ರಾಮಿಗಾಗಿ? ತನ್ನ ಪೂರ್ತಿ ವೇಗದಲ್ಲಿ ಓಡಲು ಅದಕ್ಕೆ ಆಗುತ್ತಿದೆಯಾ? ಮೊದಲೆರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ. ನನ್ನ ಲ್ಯಾಪ್‌ಟಾಪಿನ ಉತ್ತರ ಸಿಕ್ಕಿದ್ದು ಅಲ್ಲೇ.

ಹೆಚ್ಚಿನ ಜಾಗ ಲಿನಕ್ಸ್‌ಗೆ ಕೊಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ನೋಡಲು ಸಿಗುವುದು ಜಾಸ್ತಿ. ವಿಂಡೋಸ್ ಮತ್ತು ಮ್ಯಾಕ್ ಕೊನೆಯಲ್ಲಿವೆ.

ಟೈಪ್ ಮಾಡುವ ಮೊದಲು

ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಗೊಂದಲ ಆಗಬಹುದಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಗೆರೆ, ಓರೆಗೆರೆ, ಅಂಕಿಗಳನ್ನು ಕಂಡ ಹಾಗೇ ಹೊಡೆಯಿರಿ. ಖಾಲಿ ಜಾಗ ಇದ್ದಲ್ಲಿ ಖಾಲಿ ಜಾಗ ಬಿಡಿ.

ಉದ್ದದ ಫೈಲ್ ದಾರಿಗಳನ್ನು ಪೂರ್ತಿ ಹೊಡೆಯುವ ಕಷ್ಟ ಬೇಡ. ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿ, ಉಳಿದದ್ದನ್ನು ಟರ್ಮಿನಲ್ಲೇ ತುಂಬುತ್ತದೆ. ಕೆಳಗಿನ ಬಹುತೇಕ ಕಮಾಂಡ್‌ಗಳು ಸುಮ್ನೆ ಓದಿ ತೋರಿಸುತ್ತವೆ, ಏನನ್ನೂ ಬದಲಿಸುವುದಿಲ್ಲ. ಬದಲಿಸುವಂಥದ್ದು ಬಂದಾಗ ಹೇಳುತ್ತೇನೆ.

ಮೊದಲ ಪ್ರಶ್ನೆ: ಇದು ಯಾವ ಪ್ರೊಸೆಸರ್?

ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ಇದನ್ನು ಹೊಡೆಯಿರಿ. ಎಲ್, ಎಸ್, ಸಿ, ಪಿ, ಯು, ಐದೇ ಅಕ್ಷರ:

ಎಲ್‌ಎಸ್‌ಸಿಪಿಯು

ಒಂದು ಪರದೆ ತುಂಬ ಸಾಲುಗಳು ಬರುತ್ತವೆ. ಎಲ್ಲವನ್ನೂ ಓದಬೇಕಿಲ್ಲ. ಮೊದಲು ‘ಆರ್ಕಿಟೆಕ್ಚರ್’ ಸಾಲು ನೋಡಿ. ಅಲ್ಲಿ ‘ಎಕ್ಸ್86_64’ ಇದ್ದರೆ ಇಂಟೆಲ್ ಅಥವಾ ಎಎಂಡಿ ಮಾದರಿಯ 64 ಬಿಟ್ ಯಂತ್ರ. ‘ಎ, ಎ, ಆರ್, ಸಿ, ಎಚ್, 64’ ಅಂತಿದ್ದರೆ ಆರ್ಮ್ ಯಂತ್ರ, ಅಂದರೆ ಫೋನುಗಳಲ್ಲಿ ಹೆಚ್ಚಾಗಿ ಇರುವ ಮಾದರಿ. ಪ್ರೋಗ್ರಾಮ್ ಡೌನ್‌ಲೋಡ್ ಮಾಡುವಾಗ ಯಾವ ಫೈಲ್ ಆರಿಸಬೇಕು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಫೈಲಿನ ಹೆಸರಿನಲ್ಲಿ ‘ಎಎಂಡಿ64’ ಅಂತ ಕಂಡು, ತಮ್ಮದು ಇಂಟೆಲ್ ಅಂತ ಹಿಂದೆ ಸರಿಯುವವರನ್ನು ನೋಡಿದ್ದೇನೆ. ಹೆದರಬೇಕಿಲ್ಲ. ಈ 64 ಬಿಟ್ ವಿನ್ಯಾಸವನ್ನು ಮೊದಲು ರೂಪಿಸಿದ್ದು ಎಎಂಡಿ. 2003ರಲ್ಲಿ ಆಪ್ಟೆರಾನ್ ಪ್ರೊಸೆಸರಿನೊಂದಿಗೆ ಅದು ಹೊರಬಂತು, ನಂತರ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಆ ಫೈಲ್ ಎರಡೂ ಕಂಪನಿಗಳ ಪ್ರೊಸೆಸರಿಗೆ ನಡೆಯುತ್ತದೆ.

‘ವೆಂಡರ್ ಐಡಿ’ ಸಾಲಿನಲ್ಲಿ ‘ಜೆನ್ಯುಇನ್‌ಇಂಟೆಲ್’ ಅಥವಾ ‘ಅಥೆಂಟಿಕ್‌ಎಎಂಡಿ’ ಎಂದಿರುತ್ತದೆ. ಇಂಗ್ಲಿಷಿನಲ್ಲಿ ಎಣಿಸಿ ನೋಡಿ, ಎರಡರಲ್ಲೂ ಸರಿಯಾಗಿ 12 ಅಕ್ಷರ. ಪ್ರೊಸೆಸರ್ ತನ್ನ ಹೆಸರನ್ನು ನಾಲ್ಕು ನಾಲ್ಕು ಅಕ್ಷರದಂತೆ ಮೂರು ರಿಜಿಸ್ಟರುಗಳಲ್ಲಿ (ತನ್ನೊಳಗಿನ ಪುಟ್ಟ ಖಾನೆಗಳಲ್ಲಿ) ಇಟ್ಟು ಹೇಳುತ್ತದೆ, ಅದಕ್ಕೇ ಈ ಲೆಕ್ಕ. ಅದರ ಕೆಳಗಿನ ‘ಮಾಡೆಲ್ ನೇಮ್’ ಸಾಲಿನಲ್ಲಿ ಪೂರ್ತಿ ಹೆಸರು ಇರುತ್ತದೆ.

ಈಗ ಮುಖ್ಯವಾದ ನಾಲ್ಕು ಅಂಕಿಗಳು. ‘ಸಾಕೆಟ್’ ಅಂದರೆ ಮದರ್‌ಬೋರ್ಡಿನ ಮೇಲೆ ಕೂತಿರುವ ಚಿಪ್‌ಗಳ ಸಂಖ್ಯೆ, ಮನೆಬಳಕೆಯ ಯಂತ್ರದಲ್ಲಿ 1. ‘ಕೋರ್ ಪರ್ ಸಾಕೆಟ್’ ಅಂದರೆ ಆ ಚಿಪ್ಪಿನೊಳಗೆ ನಿಜವಾಗಿ ಕೆಲಸ ಮಾಡುವ ಘಟಕಗಳು. ‘ಥ್ರೆಡ್ ಪರ್ ಕೋರ್’ ಅಂದರೆ ಒಂದು ಕೋರ್ ಏಕಕಾಲಕ್ಕೆ ಹಿಡಿದುಕೊಳ್ಳುವ ಕೆಲಸದ ಎಳೆಗಳು. ಈ ಮೂರನ್ನೂ ಗುಣಿಸಿದರೆ ‘ಸಿಪಿಯು’ ಸಾಲಿನ ಅಂಕಿ. 1 ಸಾಕೆಟ್, 4 ಕೋರ್, 2 ಥ್ರೆಡ್ ಇದ್ದರೆ 8 ಸಿಪಿಯು. ಆದರೆ ಆ ಎಂಟನ್ನು ಎಂಟು ಪೂರ್ತಿ ಪ್ರೊಸೆಸರ್ ಅಂತ ಭಾವಿಸಬೇಡಿ. ಒಂದೇ ಕೋರಿನ ಎರಡು ಥ್ರೆಡ್‌ಗಳು ಒಂದೇ ಒಲೆಯ ಮೇಲೆ ಅಡುಗೆ ಮಾಡುವ ಇಬ್ಬರ ಹಾಗೆ. ಒಬ್ಬರು ಹೆಚ್ಚುವಾಗ ಇನ್ನೊಬ್ಬರಿಗೆ ಒಲೆ ಸಿಗುತ್ತದೆ. ಇಬ್ಬರಿಗೂ ಒಮ್ಮೆಲೇ ಒಲೆ ಬೇಕಾದರೆ ಒಬ್ಬರು ಕಾಯಲೇಬೇಕು.

ಈ ಗುಣಾಕಾರ ತಪ್ಪುವುದೂ ಉಂಟು. 2021ರಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನಿಂದ ಹಲವು ಮಾದರಿಗಳಲ್ಲಿ ಒಂದೇ ಚಿಪ್ಪಿನಲ್ಲಿ ದೊಡ್ಡ ಕೋರ್ ಮತ್ತು ಚಿಕ್ಕ ಕೋರ್ ಎರಡೂ ಇರುತ್ತವೆ. ಆ ತಲೆಮಾರಿನಲ್ಲಿ ದೊಡ್ಡದಕ್ಕೆ ಎರಡು ಥ್ರೆಡ್, ಚಿಕ್ಕದಕ್ಕೆ ಒಂದೇ. 4 ದೊಡ್ಡದು, 8 ಚಿಕ್ಕದು ಇದ್ದರೆ ಒಟ್ಟು 12 ಕೋರ್, ಥ್ರೆಡ್ ಮಾತ್ರ 24 ಅಲ್ಲ, 16. ಯಾವುದು ಯಾವುದೆಂದು ನೋಡಲು:

ಎಲ್‌ಎಸ್‌ಸಿಪಿಯು -ಇ

ಒಂದೊಂದು ಸಿಪಿಯುಗೂ ಒಂದೊಂದು ಸಾಲಿನ ಪಟ್ಟಿ ಬರುತ್ತದೆ. ‘ಕೋರ್’ ಕಂಬಸಾಲಿನಲ್ಲಿ ಒಂದೇ ಅಂಕಿ ಎರಡು ಸಲ ಬಂದರೆ ಅವೆರಡೂ ಒಂದೇ ಕೋರಿನ ಥ್ರೆಡ್‌ಗಳು. ಗರಿಷ್ಠ ವೇಗ ಕಡಿಮೆ ಇರುವ, ಒಂದೇ ಸಲ ಬರುವ ಕೋರ್‌ಗಳು ಚಿಕ್ಕವು.

ಉಳಿದ ಸಾಲುಗಳಲ್ಲಿ ಇನ್ನು ಮೂರನ್ನು ನೋಡಿದರೆ ಸಾಕು. ಒಂದು, ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಚಿಕ್ಕ, ವೇಗದ ಮೆಮೊರಿ. ಎಲ್1, ಎಲ್2, ಎಲ್3 ಎಂದು ಕಾಣುವುದು ಇದೇ. ಎಲ್1ರಿಂದ ಮಾಹಿತಿ ಸಿಗಲು ಸುಮಾರು ನಾಲ್ಕೈದು ಸೈಕಲ್ (ಪ್ರೊಸೆಸರಿನ ಗಡಿಯಾರದ ಬಡಿತ) ಸಾಕು, ರ‍್ಯಾಮ್‌ವರೆಗೆ ಹೋಗಿ ಬರಲು ನೂರಾರು ಸೈಕಲ್ ಬೇಕು. ಎರಡನೆಯದು ‘ವರ್ಚುವಲೈಸೇಷನ್’. ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ಪ್ರೋಗ್ರಾಮಿನ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸುವ ಯೋಚನೆ ಇದ್ದರೆ ಈ ಸಾಲು ಬೇಕು. ಇಂಟೆಲ್‌ನಲ್ಲಿ ‘ವಿಟಿ-ಎಕ್ಸ್’, ಎಎಂಡಿಯಲ್ಲಿ ‘ಎಎಂಡಿ-ವಿ’ ಎಂದಿರುತ್ತದೆ. ಮೂರನೆಯದು ಕೊನೆಯಲ್ಲಿ ಬರುವ ‘ವಲ್ನರಬಿಲಿಟಿ’ ಸಾಲುಗಳು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರಿನ ಭದ್ರತಾ ದೋಷಗಳು ಬಯಲಾದ ಮೇಲೆ ಲಿನಕ್ಸ್ ಇವುಗಳ ಸ್ಥಿತಿಯನ್ನೂ ಹೇಳಲು ಶುರು ಮಾಡಿತು. ‘ನಾಟ್ ಅಫೆಕ್ಟೆಡ್’ ಇದ್ದರೆ ನಿಮ್ಮ ಪ್ರೊಸೆಸರಿಗೆ ಆ ತೊಂದರೆ ಇಲ್ಲ. ‘ಮಿಟಿಗೇಷನ್’ ಇದ್ದರೆ ರಕ್ಷಣೆ ಜಾರಿಯಲ್ಲಿದೆ. ‘ವಲ್ನರಬಲ್’ ಅಂತ ಕಂಡರೆ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳು) ಅಪ್‌ಡೇಟ್ ಮಾಡಿ, ಮುಂದೂಡಬೇಡಿ.

ಬರೀ ಸಿಪಿಯು ಸಂಖ್ಯೆ ಸಾಕಾದರೆ ಎನ್, ಪಿ, ಆರ್, ಒ, ಸಿ:

ಎನ್‌ಪ್ರಾಕ್

ಇದು ನಿಮ್ಮ ಪ್ರೋಗ್ರಾಮಿಗೆ ಬಳಸಲು ಸಿಗುವಷ್ಟನ್ನು ಹೇಳುತ್ತದೆ. ಯಂತ್ರದಲ್ಲಿರುವ ಎಲ್ಲವೂ ಬೇಕಾದರೆ ‘ಎನ್‌ಪ್ರಾಕ್ --ಆಲ್’ ಅನ್ನಿ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕು.

ಇದೆಲ್ಲ ಮಾಹಿತಿಯ ದೊಡ್ಡ ಮೂಲ ಒಂದು ಫೈಲ್:

ಕ್ಯಾಟ್ /ಪ್ರಾಕ್/ಸಿಪಿಯುಇನ್ಫೋ

ಕ್ಯಾಟ್ ಅಂದರೆ ಸಿ, ಎ, ಟಿ. ಪ್ರಾಕ್ ಅಂದರೆ ಪಿ, ಆರ್, ಒ, ಸಿ. ಈ ಫೈಲ್ ಡಿಸ್ಕಿನಲ್ಲಿ ಎಲ್ಲೂ ಇಲ್ಲ. ನೀವು ಓದಲು ಹೋದ ಕ್ಷಣದಲ್ಲಿ ಕರ್ನಲ್ ಅದನ್ನು ಬರೆದು ಕೊಡುತ್ತದೆ. ಹಾಗಾಗಿ ಪ್ರತಿ ಸಲವೂ ಆ ಹೊತ್ತಿನ ಸ್ಥಿತಿಯೇ ಕಾಣುತ್ತದೆ.

ಎರಡನೇ ಪ್ರಶ್ನೆ: ಎಷ್ಟು ಕೆಲಸ, ಯಾವುದರಿಂದ?

ಮೊದಲು ಒಂದೇ ಸಾಲಿನ ಉತ್ತರ:

ಅಪ್‌ಟೈಮ್

ಕೊನೆಯಲ್ಲಿ ಬರುವ ಮೂರು ಅಂಕಿಗಳು ‘ಲೋಡ್ ಆವರೇಜ್’. ಕಳೆದ 1 ನಿಮಿಷ, 5 ನಿಮಿಷ, 15 ನಿಮಿಷದ ಸರಾಸರಿ. ಇವು ಶೇಕಡಾ ಲೆಕ್ಕ ಅಲ್ಲ. ಎಷ್ಟು ಕೆಲಸಗಳು ಓಡುತ್ತಿದ್ದವು ಅಥವಾ ಸರದಿಗೆ ಕಾಯುತ್ತಿದ್ದವು ಎನ್ನುವ ಎಣಿಕೆ. ಎನ್‌ಪ್ರಾಕ್ ಕೊಟ್ಟ ಅಂಕಿಯ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಅರ್ಥ. 8 ಸಿಪಿಯು ಯಂತ್ರದಲ್ಲಿ ಲೋಡ್ 4 ಅಂದರೆ ಅರ್ಧ ಭಾರ. ಅದೇ 4, ಎರಡು ಸಿಪಿಯು ಯಂತ್ರದಲ್ಲಿ ದುಪ್ಪಟ್ಟು ಭಾರ. ಮೊದಲ ಅಂಕಿ ದೊಡ್ಡದಿದ್ದು ಮೂರನೆಯದು ಚಿಕ್ಕದಿದ್ದರೆ ಭಾರ ಈಗಷ್ಟೇ ಏರುತ್ತಿದೆ. ತಿರುಗುಮುರುಗಾಗಿದ್ದರೆ ಇಳಿಯುತ್ತಿದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಲಿನಕ್ಸ್ ಈ ಎಣಿಕೆಯಲ್ಲಿ ಡಿಸ್ಕಿಗಾಗಿ ಕಾಯುತ್ತ ಸಿಕ್ಕಿಹಾಕಿಕೊಂಡ ಕೆಲಸಗಳನ್ನೂ ಸೇರಿಸುತ್ತದೆ. ಆದ್ದರಿಂದ ಲೋಡ್ 12 ಕಂಡ ಕೂಡಲೇ ಪ್ರೊಸೆಸರ್ ಸಾಲುತ್ತಿಲ್ಲ ಅಂತ ತೀರ್ಮಾನಿಸಬೇಡಿ. ಪ್ರೊಸೆಸರ್ ಖಾಲಿ ಕೂತಿರಬಹುದು, ಹಾಳಾಗುತ್ತಿರುವ ಡಿಸ್ಕಿನ ಮುಂದೆ ಸಾಲು ನಿಂತಿರಬಹುದು. ಬೇರ್ಪಡಿಸಿ ನೋಡಲು ಮುಂದಿನ ಕಮಾಂಡ್:

ಟಾಪ್

ಮೇಲಿನ ‘ಸಿಪಿಯು’ ಸಾಲನ್ನು ನಿಧಾನವಾಗಿ ಓದಿ. ಯು-ಎಸ್ ಅಂದರೆ ನಿಮ್ಮ ಪ್ರೋಗ್ರಾಮುಗಳಿಗೆ ಹೋದ ಸಮಯ. ಎಸ್-ವೈ ಅಂದರೆ ಕರ್ನಲ್ಲಿಗೆ ಹೋದದ್ದು. ಎನ್-ಐ ಅಂದರೆ ಆದ್ಯತೆ ಇಳಿಸಿದ ಕೆಲಸಗಳದ್ದು. ಐ-ಡಿ ಅಂದರೆ ಖಾಲಿ. ಡಬ್ಲ್ಯು-ಎ ಅಂದರೆ ಖಾಲಿಯಾಗಿಯೇ ಇದ್ದು ಡಿಸ್ಕಿಗಾಗಿ ಕಾದ ಸಮಯ. ಎಚ್-ಐ, ಎಸ್-ಐ ಎರಡೂ ಇಂಟರಪ್ಟ್‌ಗಳದ್ದು (ಕೀಬೋರ್ಡ್, ನೆಟ್‌ವರ್ಕಿನಂಥವು ಪ್ರೊಸೆಸರನ್ನು ಕರೆಯುವ ಸೂಚನೆ), ಸಾಮಾನ್ಯವಾಗಿ ಸೊನ್ನೆಯ ಹತ್ತಿರ. ಎಸ್-ಟಿ ಬಗ್ಗೆ ಆಮೇಲೆ ಹೇಳುತ್ತೇನೆ. ಲೋಡ್ ಜಾಸ್ತಿ, ಯು-ಎಸ್ ಕಡಿಮೆ, ಡಬ್ಲ್ಯು-ಎ ಜಾಸ್ತಿ ಇದ್ದರೆ ಪ್ರೊಸೆಸರನ್ನು ಬಿಟ್ಟು ಡಿಸ್ಕನ್ನು ಪರೀಕ್ಷಿಸಿ.

ಈಗ ಕೀಬೋರ್ಡಿನ 1 ಒತ್ತಿ. ಒಂದು ಸಾಲಿದ್ದದ್ದು ಸಿಪಿಯುಗೊಂದರಂತೆ ಬಿಡಿಯಾಗುತ್ತದೆ. ಇಡೀ ಟಾಪ್‌ನಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದ ಕೀಲಿ ಇದು. 8 ಸಿಪಿಯು ಯಂತ್ರದಲ್ಲಿ ಒಟ್ಟು ಬಳಕೆ ಸುಮಾರು 12.5 ಅಂತ ತೋರಿಸುತ್ತಿದ್ದರೆ ‘ಯಂತ್ರ ಖಾಲಿ ಇದೆ, ಆದರೂ ಯಾಕೆ ನಿಧಾನ?’ ಅನ್ನಿಸುತ್ತದೆ ಅಲ್ವಾ? ಬಿಡಿಸಿ ನೋಡಿದರೆ ಏಳು ಸಿಪಿಯು ಸುಮ್ಮನಿದ್ದು, ಒಂದು ಮಾತ್ರ 100ಕ್ಕೆ ತಾಗಿರುತ್ತದೆ. 100ನ್ನು 8ರಿಂದ ಭಾಗಿಸಿದರೆ 12.5. ಅಂದರೆ ಆ ಪ್ರೋಗ್ರಾಮ್ ಒಂದೇ ಎಳೆಯಲ್ಲಿ ಕೆಲಸ ಮಾಡುವಂಥದ್ದು. ಅದಕ್ಕೆ ಹದಿನಾರು ಕೋರ್ ಕೊಟ್ಟರೂ ವೇಗ ಬರುವುದಿಲ್ಲ. ಒಂದೊಂದು ಕೋರ್ ವೇಗವಾಗಿರುವ ಪ್ರೊಸೆಸರ್ ಮಾತ್ರ ನೆರವಾಗುತ್ತದೆ.

ಕೆಳಗಿನ ಪಟ್ಟಿಯಲ್ಲಿ ದೊಡ್ಡಕ್ಷರದ ಪಿ ಒತ್ತಿದರೆ ಹೆಚ್ಚು ಸಿಪಿಯು ತಿನ್ನುವವರು ಮೇಲೆ ಬರುತ್ತಾರೆ. ಸಣ್ಣ ಸಿ ಒತ್ತಿದರೆ ಪ್ರೋಗ್ರಾಮಿನ ಪೂರ್ತಿ ಕಮಾಂಡ್ ಕಾಣುತ್ತದೆ. ಒಂದು ಪ್ರೋಗ್ರಾಮಿನ ಮುಂದೆ 340 ಅಂತ ಕಂಡರೆ ತಪ್ಪಲ್ಲ. ಒಂದು ಸಿಪಿಯು ಪೂರ್ತಿ ಬಳಸಿದರೆ 100 ಎಂಬುದು ಲೆಕ್ಕ, ಅದು ಮೂರಕ್ಕಿಂತ ಹೆಚ್ಚು ಸಿಪಿಯು ಬಳಸುತ್ತಿದೆ ಅಷ್ಟೇ. ಹೊರಬರಲು ಕ್ಯೂ. ಕೆ ಒತ್ತಿದರೆ ಮಾತ್ರ ಪ್ರೋಗ್ರಾಮನ್ನು ಕೊಲ್ಲಲು ನಂಬರ್ ಕೇಳುತ್ತದೆ. ಏನು ಮಾಡುತ್ತಿದ್ದೀರಿ ಅಂತ ಖಚಿತ ಇಲ್ಲದಿದ್ದರೆ ಎಸ್ಕೇಪ್ ಒತ್ತಿ ಬಿಟ್ಟುಬಿಡಿ.

ಪಟ್ಟಿಯನ್ನು ಒಂದೇ ಸಲ ಮುದ್ರಿಸಿ ನೋಡಲು ಹಲವರು ಇದನ್ನು ಬಳಸುತ್ತಾರೆ:

ಪಿಎಸ್ ಎಯುಎಕ್ಸ್ --ಸಾರ್ಟ್=-%ಸಿಪಿಯು | ಹೆಡ್

ಚೆನ್ನಾಗಿದೆ, ಆದರೆ ಒಂದು ಎಚ್ಚರ. ಪಿಎಸ್ ತೋರಿಸುವ ಶೇಕಡಾ ಈ ಕ್ಷಣದ್ದಲ್ಲ. ಪ್ರೋಗ್ರಾಮ್ ಹುಟ್ಟಿದಾಗಿನಿಂದ ಇವತ್ತಿನವರೆಗಿನ ಸರಾಸರಿ. ಮೂರು ದಿನದಿಂದ ಸುಮ್ಮನಿದ್ದ ಪ್ರೋಗ್ರಾಮ್ ಈಗ ಹತ್ತು ನಿಮಿಷದಿಂದ ಕೋರನ್ನು ಹಿಂಡುತ್ತಿದ್ದರೂ ಪಿಎಸ್‌ನಲ್ಲಿ ಅದು ಸಾಧುವಿನ ಹಾಗೆ ಕಾಣುತ್ತದೆ. ಈಗಿನ ಸ್ಥಿತಿಗೆ ಟಾಪನ್ನೇ ನಂಬಿ.

ಕಾಲ ಕಳೆದಂತೆ ಹೇಗೆ ಬದಲಾಗುತ್ತಿದೆ ಎಂದು ನೋಡಲು ವಿಎಂಸ್ಟ್ಯಾಟ್. ವಿ, ಎಂ, ಎಸ್, ಟಿ, ಎ, ಟಿ:

ವಿಎಂಸ್ಟ್ಯಾಟ್ 1 5

ಸೆಕೆಂಡಿಗೊಂದರಂತೆ ಐದು ಸಾಲು. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಶುರುವಾದಾಗಿನ ಸರಾಸರಿ. ‘ಆರ್’ ಕಂಬಸಾಲಿನ ಅಂಕಿ ಸತತವಾಗಿ ನಿಮ್ಮ ಸಿಪಿಯು ಸಂಖ್ಯೆಗಿಂತ ಹೆಚ್ಚಿದ್ದರೆ ನಿಜವಾಗಿಯೂ ಪ್ರೊಸೆಸರಿಗಾಗಿ ಸಾಲು ನಿಂತಿದೆ. ‘ಬಿ’ ಅಡಿಯಲ್ಲಿ ಇರುವವು ಹೆಚ್ಚಾಗಿ ಡಿಸ್ಕಿನಂಥವಕ್ಕಾಗಿ ತಡೆದು ನಿಂತವು.

ಮೂರನೇ ಪ್ರಶ್ನೆ: ಪೂರ್ತಿ ವೇಗದಲ್ಲಿ ಓಡುತ್ತಿದೆಯಾ?

ಈಗಿನ ವೇಗ ನೋಡಲು:

ವಾಚ್ -ಎನ್ 1 "ಗ್ರೆಪ್ -ಐ ಎಂಎಚ್‌ಝಡ್ /ಪ್ರಾಕ್/ಸಿಪಿಯುಇನ್ಫೋ"

ಗ್ರೆಪ್ ಅಂದರೆ ಜಿ, ಆರ್, ಇ, ಪಿ. ಒಂದು ಸೆಕೆಂಡಿಗೊಮ್ಮೆ ಎಲ್ಲ ಸಿಪಿಯುಗಳ ಮೆಗಾಹರ್ಟ್ಸ್ ಹೊಸದಾಗಿ ಕಾಣುತ್ತದೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಇದು ನಡೆಯುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಯಂತ್ರ ಸುಮ್ಮನಿರುವಾಗ 800 ಮೆಗಾಹರ್ಟ್ಸ್ ಕಂಡರೆ ಗಾಬರಿ ಬೇಡ, ವಿದ್ಯುತ್ ಉಳಿಸಲು ಇಳಿದಿರುತ್ತದೆ. ಕೆಲಸ ಕೊಟ್ಟಾಗ ಏರುತ್ತದೆಯಾ ಎನ್ನುವುದೇ ಪರೀಕ್ಷೆ. ಇನ್ನೊಂದು ಟರ್ಮಿನಲ್ ತೆರೆದು ಒಂದು ನಿಮಿಷದ ಕೆಲಸ ಕೊಡಿ:

ಟೈಮ್‌ಔಟ್ 60 ಯೆಸ್ > /ಡೆವ್/ನಲ್

ಡೆವ್ ಅಂದರೆ ಡಿ, ಇ, ವಿ. ನಲ್ ಅಂದರೆ ಎನ್, ಯು, ಎಲ್, ಎಲ್. ಇದು ಒಂದು ಕೋರನ್ನು ಪೂರ್ತಿ ದುಡಿಸಿ 60 ಸೆಕೆಂಡಿಗೆ ತಾನೇ ನಿಲ್ಲುತ್ತದೆ. ಓರೆಗೆರೆಗಳನ್ನು ಸರಿಯಾಗಿ ಹಾಕಿ, ಇಲ್ಲದಿದ್ದರೆ ಬೇರೊಂದು ಫೈಲಿಗೆ ಬರೆಯುತ್ತ ಡಿಸ್ಕ್ ತುಂಬಿಸಬಹುದು. ಎಲ್ಲ ಕೋರ್‌ಗಳನ್ನು ದುಡಿಸಬೇಕಾದರೆ ಅಷ್ಟೇ ಟರ್ಮಿನಲ್ಲುಗಳಲ್ಲಿ ಇದನ್ನೇ ಓಡಿಸಿ.

ವೇಗ ಮೊದಲು ಏರಿ, ಆಮೇಲೆ ಅತಿ ಕಡಿಮೆಗೆ ಕುಸಿದರೆ ಬಿಸಿಯನ್ನು ನೋಡಿ. ಇದಕ್ಕೆ ಒಂದು ಪ್ಯಾಕೇಜ್ ಹಾಕಿಕೊಳ್ಳಬೇಕು. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಅದರ ಹೆಸರು ‘ಎಲ್‌ಎಂ-ಸೆನ್ಸರ್ಸ್’. ಹಾಕಿದ ಮೇಲೆ:

ಸೆನ್ಸರ್ಸ್

ಇಂಟೆಲ್‌ನಲ್ಲಿ ‘ಪ್ಯಾಕೇಜ್ ಐಡಿ 0’, ಎಎಂಡಿಯಲ್ಲಿ ‘ಟಿಸಿಟಿಎಲ್’ ಎಂಬ ಸಾಲು ಮುಖ್ಯ. ಕೆಲಸ ಮಾಡುವಾಗ 70, 80 ಡಿಗ್ರಿ ಸೆಲ್ಸಿಯಸ್ ಲ್ಯಾಪ್‌ಟಾಪಿಗೆ ಮಾಮೂಲು. ಆವರಣದೊಳಗೆ ‘ಕ್ರಿಟ್’ ಅಂತ ಬರೆದಿರುವ ಅಂಕಿಯ ಹತ್ತಿರವೇ ನಿಂತಿದ್ದರೆ ಅದು ತೊಂದರೆ. ಪ್ಯಾಕೇಜ್ ಹಾಕಲು ಅನುಮತಿ ಇಲ್ಲದ ಯಂತ್ರದಲ್ಲಿ ಹೀಗೆ ಓದಿ. ಸಿಸ್ ಅಂದರೆ ಎಸ್, ವೈ, ಎಸ್:

ಕ್ಯಾಟ್ /ಸಿಸ್/ಕ್ಲಾಸ್/ಥರ್ಮಲ್/ಥರ್ಮಲ್_ಝೋನ್0/ಟೆಂಪ್

54000 ಅಂತ ಬಂದರೆ 54 ಡಿಗ್ರಿ. ಸಾವಿರದಿಂದ ಭಾಗಿಸಬೇಕು. ಝೋನ್ 0 ಎಲ್ಲ ಯಂತ್ರದಲ್ಲೂ ಪ್ರೊಸೆಸರಿನದೇ ಆಗಿರಬೇಕೆಂದಿಲ್ಲ. ಕೊನೆಯ ‘ಟೆಂಪ್’ ಬದಲು ‘ಟೈಪ್’ ಹಾಕಿದರೆ ಯಾವುದರದ್ದು ಅಂತ ಹೇಳುತ್ತದೆ.

ಇಂಟೆಲ್ ಯಂತ್ರಗಳಲ್ಲಿ ಇನ್ನೊಂದು ಬಂಗಾರದಂಥ ಸಾಕ್ಷಿ ಇದೆ:

ಕ್ಯಾಟ್ /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಥರ್ಮಲ್_ಥ್ರಾಟಲ್/ಕೋರ್_ಥ್ರಾಟಲ್_ಕೌಂಟ್

ಯಂತ್ರ ಶುರುವಾದ ಮೇಲೆ ಬಿಸಿಯಿಂದಾಗಿ ಆ ಕೋರ್ ಎಷ್ಟು ಸಲ ವೇಗ ಇಳಿಸಿಕೊಂಡಿದೆ ಎನ್ನುವ ಎಣಿಕೆ ಇದು. ನನ್ನ ಲ್ಯಾಪ್‌ಟಾಪಿನಲ್ಲಿ ಈ ಅಂಕಿ ಸಾವಿರ ದಾಟಿತ್ತು, ವಿಡಿಯೋ ಕಾಲ್ ನಡೆಯುವಾಗ ಕಣ್ಣೆದುರೇ ಏರುತ್ತಿತ್ತು. ಟಾಪ್‌ನಲ್ಲಿ ಬರೀ ‘ಕೆಲಸ ಜಾಸ್ತಿ’ ಅಂತ ಕಂಡದ್ದರ ಹಿಂದಿನ ಕಾರಣ ಇಲ್ಲಿತ್ತು. ಧೂಳು ತೆಗೆದ ಮೇಲೆ ಅದೇ ಕಾಲ್ ಇಡೀ ನಡೆದರೂ ಎಣಿಕೆ ಕದಲಲಿಲ್ಲ.

ಬಿಸಿ ಇಲ್ಲದೆಯೂ ವೇಗ ಏರದಿದ್ದರೆ ಗವರ್ನರ್, ಅಂದರೆ ವೇಗ ಯಾವಾಗ ಏರಬೇಕು, ಇಳಿಯಬೇಕು ಎಂದು ತೀರ್ಮಾನಿಸುವ ಲಿನಕ್ಸ್ ವ್ಯವಸ್ಥೆ, ನೋಡಿ:

ಕ್ಯಾಟ್ /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೆಕ್/ಸ್ಕೇಲಿಂಗ್_ಗವರ್ನರ್

‘ಫ್ರೆಕ್’ ಅಂದರೆ ಎಫ್, ಆರ್, ಇ, ಕ್ಯೂ. ಉತ್ತರ ‘ಪವರ್‌ಸೇವ್’ ಬಂದರೆ ಎಲ್ಲ ಕಡೆಯೂ ಒಂದೇ ಅರ್ಥ ಅಲ್ಲ. ಇಂಟೆಲ್‌ನ ಈಗಿನ ಡ್ರೈವರಿನಲ್ಲಿ ಅದು ಬೇಕಾದಾಗ ಏರುತ್ತದೆ, ಅಲ್ಲಿ ಅದೇ ಸಹಜ. ಹಳೆಯ ಡ್ರೈವರಿನಲ್ಲಿ ಮಾತ್ರ ಕೆಳಗಿನ ವೇಗಕ್ಕೇ ಕಟ್ಟಿಹಾಕುತ್ತದೆ.

ಬಾಡಿಗೆಯ ಸರ್ವರ್ ಆದರೆ

ಎಲ್‌ಎಸ್‌ಸಿಪಿಯು ಪಟ್ಟಿಯಲ್ಲಿ ‘ಹೈಪರ್‌ವೈಸರ್ ವೆಂಡರ್’ ಎಂಬ ಸಾಲು ಕಂಡರೆ ನೀವಿರುವುದು ವರ್ಚುವಲ್ ಮಷಿನ್. ಅಲ್ಲಿ ಸೆನ್ಸರ್ಸ್ ಏನೂ ಹೇಳುವುದಿಲ್ಲ, ಮಾಡೆಲ್ ಹೆಸರೂ ನಿಜವಾದದ್ದೇ ಆಗಿರಬೇಕಿಲ್ಲ. ಟಾಪ್‌ನ ಎಸ್-ಟಿ ಅಂಕಿಯೇ ನಿಮಗೆ ಆಧಾರ. ನಿಮ್ಮ ಕೆಲಸ ತಯಾರಿದ್ದರೂ ಪ್ರೊಸೆಸರ್ ಪಕ್ಕದ ಬಾಡಿಗೆದಾರರಿಗೆ ಹೋದ ಸಮಯ ಅದು. ಸೊನ್ನೆಯ ಹತ್ತಿರ ಇರಬೇಕು. ಗಂಟೆಗಟ್ಟಲೆ 10ರ ಮೇಲಿದ್ದರೆ ನಿಮ್ಮ ಪ್ರೋಗ್ರಾಮನ್ನು ತಿದ್ದಿ ಫಲವಿಲ್ಲ, ಸರ್ವರ್ ಕೊಟ್ಟವರನ್ನೇ ಕೇಳಬೇಕು.

ವಿಂಡೋಸ್‌ನಲ್ಲಿ

ಪವರ್‌ಶೆಲ್ ತೆರೆಯಿರಿ. ಇಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ.

ಗೆಟ್-ಸಿಮ್‌ಇನ್‌ಸ್ಟೆನ್ಸ್ ವಿನ್32_ಪ್ರೊಸೆಸರ್ | ಎಫ್‌ಎಲ್ *

ಸಿಮ್ ಅಂದರೆ ಸಿ, ಐ, ಎಂ. ‘ನೇಮ್’, ‘ನಂಬರ್‌ಆಫ್‌ಕೋರ್ಸ್’, ‘ನಂಬರ್‌ಆಫ್‌ಲಾಜಿಕಲ್‌ಪ್ರೊಸೆಸರ್ಸ್’, ‘ಲೋಡ್‌ಪರ್ಸೆಂಟೇಜ್’ ಎಂಬ ಸಾಲುಗಳನ್ನು ನೋಡಿ. ‘ಮ್ಯಾಕ್ಸ್‌ಕ್ಲಾಕ್‌ಸ್ಪೀಡ್’ ಹೆಸರಿಗೆ ಗರಿಷ್ಠ, ಸಾಮಾನ್ಯವಾಗಿ ತೋರಿಸುವುದು ಮೂಲ ವೇಗವನ್ನು. ಹಳೆಯ ಪಾಠಗಳಲ್ಲಿ ಸಿಗುವ ‘ಡಬ್ಲ್ಯುಎಂಐಸಿ’ ಕಮಾಂಡ್ ಹೊಸ ವಿಂಡೋಸ್ 11ರಲ್ಲಿ ಸಿಗದೇ ಹೋಗಬಹುದು, ಅದನ್ನು ಕಲಿಯುವುದು ಬೇಡ.

ಈಗಿನ ಬಳಕೆಗೆ ‘ಗೆಟ್-ಕೌಂಟರ್’ ಅಷ್ಟೇ ಹೊಡೆದರೆ ಸಾಕು, ಪ್ರೊಸೆಸರ್ ಬಳಕೆಯ ಶೇಕಡಾ ಅದರಲ್ಲಿ ಬರುತ್ತದೆ. ಯಾವ ಪ್ರೋಗ್ರಾಮ್ ಎಂದು ಹುಡುಕಲು:

ಗೆಟ್-ಪ್ರೊಸೆಸ್ | ಸಾರ್ಟ್ ಸಿಪಿಯು -ಡಿಸೆಂಡಿಂಗ್ | ಸೆಲೆಕ್ಟ್ -ಫಸ್ಟ್ 10

ಇಲ್ಲಿ ಸಿಪಿಯು ಅಡಿಯಲ್ಲಿರುವುದು ಸೆಕೆಂಡುಗಳು. ಆ ಪ್ರೋಗ್ರಾಮ್ ಶುರುವಾದಾಗಿನಿಂದ ಒಟ್ಟು ತಿಂದ ಸಮಯ. ಹತ್ತು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಓಡಿಸಿ. ಎರಡು ಸಲದ ನಡುವೆ ಯಾರ ಅಂಕಿ ಹೆಚ್ಚು ಏರಿದೆಯೋ ಅವರೇ ಈಗಿನ ಕಾರಣ.

ಮ್ಯಾಕ್‌ನಲ್ಲಿ

ಸಿಸ್‌ಸಿಟಿಎಲ್ -ಎನ್ ಮ್ಯಾಕ್‌ಡೆಪ್.ಸಿಪಿಯು.ಬ್ರ್ಯಾಂಡ್_ಸ್ಟ್ರಿಂಗ್

ಎಂ, ಎ, ಸಿ, ಎಚ್, ಡಿ, ಇ, ಪಿ, ಆಮೇಲೆ ಚುಕ್ಕಿ. ಹೆಸರು ಬರುತ್ತದೆ. ಕೋರ್ ಸಂಖ್ಯೆಗೆ:

ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಫಿಸಿಕಲ್‌ಸಿಪಿಯು ಎಚ್‌ಡಬ್ಲ್ಯು.ಲಾಜಿಕಲ್‌ಸಿಪಿಯು

2020ರಲ್ಲಿ ಬಂದ ಎಂ1ರಲ್ಲಿ ಎರಡೂ ಅಂಕಿ 8 ಇರುತ್ತದೆ, ಏಕೆಂದರೆ ಅಲ್ಲಿ ಕೋರಿಗೆ ಒಂದೇ ಥ್ರೆಡ್. ಬಳಕೆ ನೋಡಲು ‘ಟಾಪ್ -ಒ ಸಿಪಿಯು’.

ಚೆನ್ನಾಗಿರುವಾಗಲೇ ಬರೆದಿಡಿ

ಯಂತ್ರ ಆರೋಗ್ಯವಾಗಿರುವ ದಿನವೇ ಎಲ್‌ಎಸ್‌ಸಿಪಿಯು ಮತ್ತು ಸೆನ್ಸರ್ಸ್ ಉತ್ತರಗಳನ್ನು ಫೈಲಿನಲ್ಲಿ ಉಳಿಸಿಕೊಳ್ಳಿ. ಕಮಾಂಡ್ ಬರೆದ ಮೇಲೆ > ಗುರುತು, ಆಮೇಲೆ ಹೊಸದೊಂದು ಫೈಲ್ ಹೆಸರು. ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಅಳಿಸಿಹೋಗುತ್ತದೆ, ಹಾಗಾಗಿ ಹೆಸರಿನಲ್ಲಿ ತಾರೀಕು ಸೇರಿಸಿ. ಸೆನ್ಸರ್ಸ್ ಅನ್ನು ಎರಡು ಸಲ ಉಳಿಸಿ. ಒಮ್ಮೆ ಯಂತ್ರ ಸುಮ್ಮನಿದ್ದಾಗ, ಇನ್ನೊಮ್ಮೆ ಮೇಲೆ ಹೇಳಿದ ಒಂದು ನಿಮಿಷದ ಪರೀಕ್ಷೆಯ ಕೊನೆಯಲ್ಲಿ. ಆರು ತಿಂಗಳ ನಂತರ ಅದೇ ಪರೀಕ್ಷೆಗೆ, ಅದೇ ಕೋಣೆಯಲ್ಲಿ 15 ಡಿಗ್ರಿ ಜಾಸ್ತಿ ಕಂಡರೆ ಯಂತ್ರ ಆಫ್ ಮಾಡಿ, ಮೊದಲು ಫ್ಯಾನ್ ಕಡೆ ನೋಡಿ.